ಮೇಕೆ ಮಾಡುವ ಕೆಲಸ

ನಮ್ಮ ಮನೆಯಲ್ಲಿ ಮೂರು ನೇಲ್ ಕಟರ್ ಇವೆ. ಮೂರರಲ್ಲೂ ಉಗುರು ಮಡಚಿಕೊಳ್ಳುತ್ತದೆಯೇ ಹೊರತು ತುಂಡಾಗುವುದಿಲ್ಲ. ಹೀಗಾಗಿ ಭಾನುವಾರ ಬೆಳಿಗ್ಗೆ ನಮ್ಮ ಯಜಮಾನರು ಬ್ಲೇಡು ಹಿಡಿದು ಜಗಲಿಯಲ್ಲಿ ಕೂರುತ್ತಾರೆ. ಆ ಹೊತ್ತಿನಲ್ಲಿ ನಾನು ಅಡುಗೆಮನೆಯಿಂದ ಆಚೆ ಬರುವುದಿಲ್ಲ. ಬಂದರೆ ಅವರು ನನ್ನ ಮುಖ ನೋಡುತ್ತಾರೆ, ಆಮೇಲೆ ಬ್ಲೇಡು ನೋಡುತ್ತಾರೆ. ಮಾತೇನೂ ಆಡುವುದಿಲ್ಲ. ಅದಕ್ಕಿಂತ ಬೈದರೆ ವಾಸಿ.

ಇದು ಶುರುವಾದದ್ದು ವಾಕಿಂಗ್‌ನಿಂದ. ನಲವತ್ತೈದು ದಾಟಿದ ಮೇಲೆ ಮೈಸೂರಿನಲ್ಲಿ ಎಲ್ಲರೂ ಕುಕ್ಕರಹಳ್ಳಿ ಕೆರೆ ಸುತ್ತಲೇಬೇಕು ಅಂತ ಬರೆದಿದೆ, ನಾನೂ ಸುತ್ತುತ್ತಿದ್ದೆ. ಫೆಬ್ರವರಿಯ ಒಂದು ಬೆಳಿಗ್ಗೆ ವಾಪಸ್ ಬರುವಾಗ ರಸ್ತೆ ಬದಿಯಲ್ಲಿ ಗುಲ್‌ಮೊಹರ್ ಕಾಯಿ ಬಿದ್ದಿತ್ತು. ನಾವು ಚಿಕ್ಕವರಿದ್ದಾಗ ಅದಕ್ಕೆ ಕತ್ತಿಕಾಯಿ ಅನ್ನುತ್ತಿದ್ದೆವು. ಒಂದೂವರೆ ಅಡಿ ಉದ್ದ, ಕಪ್ಪು ಕಂದು ಬಣ್ಣ, ಕೊಂಚ ಬಾಗು. ಅದನ್ನು ಹಿಡಿದು ಅಣ್ಣನ ಜೊತೆ ಯುದ್ಧ ಮಾಡಿ ಅಮ್ಮನ ಹತ್ತಿರ ಒದೆ ತಿಂದ ನೆನಪಾಯಿತು. ಎತ್ತಿಕೊಂಡೆ. ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು. ಮನೆಗೆ ತಂದು ಬಿಡಿಸಿದರೆ ಒಳಗೆ ಅಡ್ಡಡ್ಡ ಗೂಡು, ಗೂಡಿಗೊಂದು ಬೀಜ. ಎಣಿಸಿದೆ, 28 ಇದ್ದವು. ಎಲ್ಲವೂ ಖರ್ಜೂರದ ಬೀಜದ ಚಿಕ್ಕ ತಮ್ಮಂದಿರ ಹಾಗೆ, ಮೈಮೇಲೆ ಸಣ್ಣ ಚಿತ್ತಾರ ಬೇರೆ.

ಇಷ್ಟು ಚೆಂದದ ಬೀಜವನ್ನು ಎಸೆಯುವುದು ಹೇಗೆ? ಬಿತ್ತೋಣ ಅಂದುಕೊಂಡೆ. ನಮ್ಮದು ಕುವೆಂಪುನಗರದ 30-40ರ ಸೈಟು. ಮನೆ, ಸಂಪು, ಕಾರು, ಮಗನ ಸೈಕಲ್ಲು ಇಷ್ಟು ಆದ ಮೇಲೆ ಉಳಿದ ಮಣ್ಣೆಂದರೆ ತುಳಸಿ ಕಟ್ಟೆಯಲ್ಲಿ ಇರುವುದು ಮಾತ್ರ. ಅದು ಆಗ ಹೊಳೆಯಲಿಲ್ಲ.

ಒಂದು ಹಳೆಯ ಬಕೆಟ್ಟಿಗೆ ಮಣ್ಣು ತುಂಬಿ, ಬೀಜ ಹಾಕಿ, ದಿನಾ ನೀರು ಹಾಕಿದೆ. ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ಐದನೇ ವಾರ ತಾಳಲಾರದೆ ಬೆರಳು ಹಾಕಿ ಕೆದಕಿದೆ. ಬೀಜ ಸಿಕ್ಕಿತು. ಕೊಳೆತಿರಲಿಲ್ಲ, ಉಬ್ಬಿರಲಿಲ್ಲ. ಈಗ ತಾನೇ ಎಣ್ಣೆ ಹಚ್ಚಿ ಇಟ್ಟ ಹಾಗೆ ಮಿರಮಿರ ಮಿಂಚುತ್ತಿತ್ತು. ಮೂವತ್ತೈದು ದಿನ ನೀರಲ್ಲಿ ನೆಂದ ಮಣ್ಣಿನೊಳಗಿದ್ದೂ ಅದರ ಮೈ ಒದ್ದೆಯಾಗಿಲ್ಲ!

ನಮ್ಮ ಮಾವ ಪಾಂಡವಪುರದ ಕಡೆಯ ರೈತರು. ಅತ್ತೆ ಹೋದ ಮೇಲೆ ಅರ್ಧ ವರ್ಷ ಊರಲ್ಲಿ, ಅರ್ಧ ವರ್ಷ ನಮ್ಮ ಜೊತೆ. ಬಕೆಟ್ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದು ಬೀಜ ಎತ್ತಿ ನೋಡಿದರು. ಹಲ್ಲಲ್ಲಿ ಕಚ್ಚಿ ನೋಡಿದರು. ಹಲ್ಲು ಹಿಡಿದುಕೊಂಡರು.

"ಇದು ಜಾಲಿ ಬೀಜದ ಜಾತಿ ಕನವ್ವ. ಹಿಂಗೆ ನೆಟ್ರೆ ಹುಟ್ಟಕಿಲ್ಲ. ಮೇಕೆಗೆ ತಿನ್ನಿಸ್ಬೇಕು."

"ಕುವೆಂಪುನಗರದಲ್ಲಿ ಮೇಕೆ ಎಲ್ಲಿಂದ ತರಲಿ ಮಾವ?"

"ಅದ್ಕೇ ಹುಟ್ಟಿಲ್ಲ" ಅಂದು ಎದ್ದು ಹೋದರು.

ಮಾವ ಹೇಳಿದ್ದು ಸುಮ್ನೆ ಮಾತಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಗುಲ್‌ಮೊಹರ್, ಕಕ್ಕೆ, ಜಾಲಿ, ಬಾಗೆ, ಮಳೆ ಮರ ಎಲ್ಲವೂ ಹುಣಸೆಯ ನೆಂಟರು. ಇವುಗಳ ಬೀಜದ ಸಿಪ್ಪೆಯಲ್ಲಿ ಕಡ್ಡಿ ನಿಲ್ಲಿಸಿದ ಹಾಗೆ ಒತ್ತೊತ್ತಾಗಿ ಜೋಡಿಸಿದ ಗಟ್ಟಿ ಕಣಗಳ ಪದರ ಇರುತ್ತದೆ. ಅದು ನೀರನ್ನು ಒಳಗೆ ಬಿಡುವುದಿಲ್ಲ. ನೀರು ಹೋಗದೆ ಬೀಜಕ್ಕೆ ಎಚ್ಚರವಾಗುವುದಿಲ್ಲ. ಬಿಸಿಲು, ಬೆಂಕಿ, ಕಲ್ಲಿನ ಉಜ್ಜಾಟ ಅಥವಾ ದನ ಮೇಕೆಯ ಹೊಟ್ಟೆ, ಯಾವುದಾದರೂ ಒಂದು ಆ ಪದರವನ್ನು ಸವೆಸಬೇಕು. ಒಂದೇ ಮರದ ಬೀಜಗಳಲ್ಲೂ ಕೆಲವು ಈ ವರ್ಷ, ಕೆಲವು ಇನ್ನೈದು ವರ್ಷಕ್ಕೆ ಬಾಯಿ ಬಿಡುತ್ತವೆ. ಮೊದಲ ಮಳೆ ನಂಬಿ ಎಲ್ಲ ಒಟ್ಟಿಗೆ ಹುಟ್ಟಿ, ಆಮೇಲೆ ಮಳೆ ಕೈಕೊಟ್ಟರೆ ವಂಶವೇ ಹೋಯಿತಲ್ಲ. ದುಡ್ಡನ್ನೆಲ್ಲ ಒಂದೇ ಚೀಟಿಗೆ ಹಾಕಬಾರದು ಅಂತ ಮರಕ್ಕೆ ಗೊತ್ತಿದೆ. ನಮ್ಮ ಯಜಮಾನರಿಗೆ ಗೊತ್ತಿಲ್ಲ, ಆ ಕಥೆ ಬೇರೆ.

ಈ ಓದಿನಲ್ಲೇ ನನಗೆ ತುಂಬಾ ಇಷ್ಟವಾದ ಒಂದು ಪ್ರಸಂಗ ಸಿಕ್ಕಿತು. ನಮ್ಮ ಬಾಗೆ ಮರದ ಜಾತಿಯದೇ ಒಂದು ಅಲಂಕಾರದ ಮರವಿದೆ, ರೇಷ್ಮೆ ಕುಚ್ಚಿನಂಥ ಹೂವಿನದು. 1793ರಲ್ಲಿ ಚೀನಾದಲ್ಲಿ ಅದರ ಬೀಜ ಆರಿಸಿ, ಆಮೇಲೆ ಲಂಡನ್ನಿಗೆ ಒಯ್ದರು. ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಇನ್ನೂ ಆಳುತ್ತಿದ್ದ ಕಾಲ ಅದು. ಆ ಬೀಜಗಳು ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ಒಣಗಿಕೊಂಡು ಕೂತಿದ್ದವು. 1940ರಲ್ಲಿ ಜರ್ಮನ್ನರ ಬಾಂಬು ಬಿದ್ದು ಅಲ್ಲಿಗೆ ಬೆಂಕಿ ಹತ್ತಿತು. ಬೆಂಕಿ ಆರಿಸುವವರು ನೀರು ಹಾಯಿಸಿದರು. ಬೆಂಕಿ ಬಿತ್ತು, ನೀರೂ ಬಿತ್ತು. 147 ವರ್ಷದ ಬೀಜಗಳು ಅಲ್ಲೇ ಮೊಳೆತವು!

ಮಾವನಿಗೆ ಇದನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಂಬು ಕುವೆಂಪುನಗರದಾಗೆ ಸಿಕ್ತದಾ?" ಅಂದರು.

ಬಾಂಬು, ಮೇಕೆ ಎರಡೂ ಇಲ್ಲದವರು ಬಿಸಿನೀರು ಬಳಸಬಹುದು. ನೀರು ಕುದಿಸಿ, ಒಲೆ ಆರಿಸಿ, ಬೀಜದ ಮೇಲೆ ಸುರಿದು ರಾತ್ರಿಯೆಲ್ಲ ಹಾಗೇ ತಣ್ಣಗಾಗಲು ಬಿಡಬೇಕು. ಬೆಳಿಗ್ಗೆ ಉಬ್ಬಿದ್ದನ್ನು ಆರಿಸಿ ಬಿತ್ತಬೇಕು, ಉಬ್ಬದೇ ಇದ್ದದ್ದಕ್ಕೆ ಮತ್ತೆ ಬಿಸಿನೀರು. ಅಷ್ಟೇ. ಇಷ್ಟು ಸಲೀಸಾದದ್ದನ್ನು ಕೆಡಿಸಲು ಜಾಸ್ತಿ ಬುದ್ಧಿ ಬೇಕು. ನನಗೆ ಇತ್ತು. ಪಾತ್ರೆಯಲ್ಲಾದರೆ ನೀರು ಬೇಗ ಆರಿ ಹೋಗುತ್ತದೆ, ಫ್ಲಾಸ್ಕಿಗೆ ಹಾಕಿದರೆ ಬೆಳಗಿನವರೆಗೂ ಬಿಸಿ ಇರುತ್ತದೆ, ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ ಅಂತ ಲೆಕ್ಕ ಹಾಕಿದೆ. ಬೀಜವೇನು ಕಾಫಿಯೇ? ರಾತ್ರಿಯಿಡೀ ಬಿಸಿಯಲ್ಲಿ ಇಟ್ಟರೆ ಒಳಗಿನ ಜೀವ ಬೆಂದು ಹೋಗುತ್ತದೆ ಅನ್ನುವುದು ತಲೆಗೆ ಬರಲಿಲ್ಲ.

ಗುಲ್‌ಮೊಹರ್ ಬೀಜ ಹಾಳಾದರೆ ಕಷ್ಟ ಅಂತ ಮೊದಲು ಕಕ್ಕೆಯ ಮೇಲೆ ಪ್ರಯೋಗ ಮಾಡಿದೆ. ಕಕ್ಕೆ ಕಾಯಿ ನೋಡಿದ್ದೀರಲ್ಲ? ಕಪ್ಪು ಕೋಲಿನ ಹಾಗೆ ಜೋತಾಡುತ್ತದೆ. ಒಡೆದರೆ ಒಳಗೆ ನಾಣ್ಯ ಪೇರಿಸಿಟ್ಟಂತೆ ಬಿಲ್ಲೆ ಬಿಲ್ಲೆ ಗೋಡೆ, ಮಧ್ಯೆ ಹೊಳೆಯುವ ಕಂದು ಬೀಜ, ಸುತ್ತ ಟಾರಿನಂಥ ಕಪ್ಪು ಅಂಟು ತಿರುಳು. ಕೈಗೆ ಮೆತ್ತಿಕೊಂಡರೆ ಬೇಗ ಹೋಗುವುದಿಲ್ಲ. ಬೀಜ ತೊಳೆಯಲು ಸೋಮಾರಿತನ. ಹೇಗೂ ಬಿಸಿನೀರಲ್ಲಿ ಬಿಟ್ಟುಕೊಳ್ಳುತ್ತೆ ಅಂತ ಬಿಲ್ಲೆ, ತಿರುಳು, ಬೀಜ ಎಲ್ಲವನ್ನೂ ಸ್ಟೀಲ್ ಫ್ಲಾಸ್ಕಿಗೆ ಹಾಕಿ ಮುಚ್ಚಳ ತಿರುಗಿಸಿ ಮಲಗಿದೆ.

ಸ್ಟೀಲ್ ಫ್ಲಾಸ್ಕು ಮಾವನದು.

ಮಾವ ಬೆಳಿಗ್ಗೆ ಐದಕ್ಕೆ ಏಳುತ್ತಾರೆ. ಲೈಟು ಹಾಕುವುದಿಲ್ಲ, ಕರೆಂಟು ದಂಡ ಅಂತ. ಕನ್ನಡಕ ಹಾಕುವುದಿಲ್ಲ, ನೀರು ಕುಡಿಯೋಕೆ ಕನ್ನಡಕ ಯಾಕೆ ಅಂತ. ಎರಡು ಲೋಟ ಬಿಸಿನೀರು ಕುಡಿದು ಬಾಗಿಲ ಹತ್ತಿರ ಕೂರುತ್ತಾರೆ. ಅವತ್ತೂ ಕುಡಿದರು. ಕೊಂಚ ಸಿಹಿ, ಕೊಂಚ ಒಗರು, ಕೊಂಚ ವಾಸನೆ. ಸೊಸೆ ಏನೋ ಕಸಾಯ ಮಾಡಿಟ್ಟವ್ಳೆ, ಒಳ್ಳೆ ಮನಸು ಅಂದುಕೊಂಡರಂತೆ. ಒಳ್ಳೆ ಮನಸ್ಸಿಗೆ ಮರ್ಯಾದೆ ಕೊಡಬೇಕು ಅಂತ ಮೂರನೇ ಲೋಟವೂ ಕುಡಿದರಂತೆ.

ಕಕ್ಕೆಯ ತಿರುಳು ಭೇದಿಯ ಔಷಧ. ಆಯುರ್ವೇದದಲ್ಲಿ ಆರಗ್ವಧ ಅನ್ನುತ್ತಾರೆ. ಇದು ಆ ದಿನ ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು.

ಅವತ್ತು ಮಾವ ಮಂಡ್ಯದಲ್ಲಿ ಒಂದು ಮದುವೆಗೆ ಹೋಗಬೇಕಿತ್ತು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಗೇಟಿನವರೆಗೆ ಹೋದರು. ಅಲ್ಲಿಂದ ತಿರುಗಿ ಬಂದರು. ಮತ್ತೆ ಗೇಟಿನವರೆಗೆ ಹೋದರು. ಮತ್ತೆ ಬಂದರು, ಈ ಸಲ ಸ್ವಲ್ಪ ಬೇಗ. ಐದನೇ ಸಲ ಪಂಚೆ ಬಿಚ್ಚಿಟ್ಟು ಲುಂಗಿ ಉಟ್ಟರು. ನಾನು ಫ್ಲಾಸ್ಕು ತೆಗೆದು ನೋಡಿದೆ. ಎದೆ ಧಸಕ್ ಅಂದಿತು. ಪರಿಚಯದ ಆಯುರ್ವೇದ ಡಾಕ್ಟರಿಗೆ ಫೋನ್ ಮಾಡಿ ಅಳುವ ದನಿಯಲ್ಲಿ ಹೇಳಿದೆ. ಅವರು ಎಷ್ಟು ಲೋಟ, ವಯಸ್ಸೆಷ್ಟು, ಸುಸ್ತಿದೆಯಾ ಅಂತೆಲ್ಲ ವಿಚಾರಿಸಿ, ಉಪ್ಪು ಸಕ್ಕರೆ ಹಾಕಿದ ನೀರು ಕೊಡ್ತಾ ಇರಿ, ಜಾಸ್ತಿಯಾದರೆ ಕರೆದುಕೊಂಡು ಬನ್ನಿ ಅಂದರು. ಆಮೇಲೆ ಫೋನು ಇಡುವುದನ್ನು ಮರೆತು ನಕ್ಕರು. ನನಗೆ ಕೇಳಿಸಿತು.

ಸಂಜೆ ಹೊತ್ತಿಗೆ ಎಲ್ಲ ನಿಂತಿತು. ಮಾವ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಮುಖದಲ್ಲಿ ಯಾವತ್ತೂ ಕಾಣದ ಒಂದು ಶಾಂತಿ. ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ತಪ್ಪಾಯ್ತು ಅಂದೆ. "ಬುಡವ್ವ" ಅಂದರು. ಹತ್ತು ದಿನ ಆದ ಮೇಲೆ, ಯಜಮಾನರು ಇಲ್ಲದ ಹೊತ್ತು ನೋಡಿ, ಅಡುಗೆಮನೆ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು: "ಆ ಕಸಾಯ ಇನ್ನೊಂದು ಚೂರು ಐತಾ?"

ಕಕ್ಕೆ ಬೀಜ ಒಂದೂ ಹುಟ್ಟಲಿಲ್ಲ. ಬೆಂದಿದ್ದವು.

ಬಿಸಿನೀರಿಗೆ ಮನೆಯಲ್ಲಿ ನಿಷೇಧ ಬಿತ್ತು. ಮಗ ಕಾಲೇಜಿನ ಲ್ಯಾಬಿನಿಂದ ಆಸಿಡ್ ತರ್ಲಾ ಅಂದ. ದೊಡ್ಡ ಪ್ರಮಾಣದಲ್ಲಿ ಸಸಿ ಮಾಡುವ ಕಡೆ ಗಂಧಕದ ಆಮ್ಲದಲ್ಲಿ ಅದ್ದಿ ತೆಗೆಯುವುದೂ ಉಂಟು. ಆದರೆ ಫ್ಲಾಸ್ಕಿನಲ್ಲೇ ಇಷ್ಟು ಸಾಧಿಸಿದವಳ ಕೈಗೆ ಆಸಿಡ್ ಬೇಡ ಅಂತ ನಾನೇ ತೀರ್ಮಾನ ಮಾಡಿದೆ. ಉಜ್ಜುವುದೇ ಸರಿ.

ಹಾರ್ಡ್‌ವೇರ್ ಅಂಗಡಿಗೆ ಹೋಗಿ ಸ್ಯಾಂಡ್‌ಪೇಪರ್ ಕೇಳಿದೆ.

"ಉಪ್ಪು ಕಾಗದನಾ ಮೇಡಂ? ಮರಕ್ಕಾ, ಗೋಡೆಗಾ, ಕಬ್ಬಿಣಕ್ಕಾ?"

"ಬೀಜಕ್ಕೆ."

ಅಂಗಡಿಯವರು ಒಂದು ಕ್ಷಣ ನೋಡಿ, ಏನೂ ಕೇಳದೆ 80ನೇ ನಂಬರಿನದು ಕೊಟ್ಟರು. ಎರಡು ಸಂಜೆ ಟಿವಿ ಮುಂದೆ ಕೂತು ಉಜ್ಜಿದೆ. ಬೀಜ ಚಿಕ್ಕದು, ನುಣುಪು. ಹಿಡಿಯಬೇಕಾದ್ದು ಬೆರಳ ತುದಿಯಲ್ಲಿ. ಜಾರಿದಾಗಲೆಲ್ಲ ಕಾಗದಕ್ಕೆ ಸಿಗುವುದು ಬೀಜ ಅಲ್ಲ, ಬೆರಳು. ಉರಿಯುತ್ತಿತ್ತು, ಆದರೂ ಬಿಡಲಿಲ್ಲ. ನಾಲ್ಕು ಬೀಜ ಮುಗಿಯಿತು.

ಮಾರನೇ ದಿನ ಆಫೀಸಿನಲ್ಲಿ ಹಾಜರಿ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟೆ. ದಯವಿಟ್ಟು ಮತ್ತೆ ಪ್ರಯತ್ನಿಸಿ ಅಂತು. ಸೆರಗಲ್ಲಿ ಒರೆಸಿ ಇಟ್ಟೆ. ಮತ್ತೆ ಪ್ರಯತ್ನಿಸಿ ಅಂತು. ತೋರುಬೆರಳು ಇಟ್ಟೆ, ಅದನ್ನೂ ಒಪ್ಪಲಿಲ್ಲ. ಹಿಂದೆ ಎಂಟು ಜನ ಸಾಲಿನಲ್ಲಿ ನಿಂತಿದ್ದರು. ಹದಿನೆಂಟು ವರ್ಷ ಕೆಲಸ ಮಾಡಿದ ಕಚೇರಿಗೆ ನಾನು ಯಾರು ಅಂತಲೇ ಗೊತ್ತಿಲ್ಲ! ಕೊನೆಗೆ ರಿಜಿಸ್ಟರ್ ತರಿಸಿ ಸಹಿ ಮಾಡಿದೆ. ಬೆರಳ ಗೆರೆ ಅಳಿಸಿದ್ದಕ್ಕೆ ಕಾರಣ ಬರೆಯಿರಿ ಅಂದರು ಸಾಹೇಬರು. 'ಗುಲ್‌ಮೊಹರ್' ಅಂತ ಬರೆಯಲು ಧೈರ್ಯ ಬರಲಿಲ್ಲ. 'ಮನೆಗೆಲಸ' ಅಂತ ಬರೆದೆ. ಪಕ್ಕದ ಟೇಬಲ್ಲಿನವರು ಮೂರು ದಿನ ನನ್ನನ್ನು ಪಾಪ ಅಂತ ನೋಡಿದರು. ನಮ್ಮ ಯಜಮಾನರ ಬಗ್ಗೆ ಏನೇನು ಅಂದುಕೊಂಡರೋ.

ಮಾವನಿಗೆ ಇದು ಬಹಳ ಖುಷಿ ಕೊಟ್ಟಿತು. ಊರಿನ ರೇಷನ್ ಅಂಗಡಿಯಲ್ಲಿ ಅವರ ಹೆಬ್ಬೆಟ್ಟು ಒಂದೇ ಸಲಕ್ಕೆ ತಗೊಂಡದ್ದೇ ಇಲ್ಲ. "ನಂದು ಐವತ್ತು ವರ್ಸ ಗುದ್ಲಿ ಹಿಡಿದು ಸವೆದದ್ದು. ನೀನು ಎರಡು ದಿನಕ್ಕೇ ಸವೆಸ್ದಲ್ಲವ್ವ, ಭೇಷ್" ಅಂದರು. ಆಮೇಲೆ ನನ್ನ ಬೆರಳು ಹಿಡಿದು ನೋಡಿ, "ಮೇಕೆ ಮಾಡೋ ಕೆಲಸನ ಮನುಸ್ರು ಮಾಡಬಾರ್ದು" ಅಂತ ಕೊಬ್ಬರಿ ಎಣ್ಣೆ ತಂದುಕೊಟ್ಟರು.

ಆಮೇಲೆ ಬಂತು ನೇಲ್ ಕಟರ್. ಬೀಜಕ್ಕೊಂದು ಕಣ್ಣಿರುತ್ತದೆ, ಕಾಯಿಗೆ ಅಂಟಿಕೊಂಡಿದ್ದ ಜಾಗ. ಬೇರು ಬರುವುದು ಆ ಕಡೆಯಿಂದ, ಅದನ್ನು ಮುಟ್ಟಬಾರದು. ಅದಕ್ಕೆ ಎದುರು ತುದಿಯಲ್ಲಿ, ಸಿಪ್ಪೆ ಹೋಗಿ ಒಳಗಿನ ತಿಳಿ ಬಣ್ಣ ಕಾಣುವಷ್ಟು ಮಾತ್ರ ಚೂರು ಚಿವುಟಬೇಕು. ಹೇಳಿದಷ್ಟು ಸುಲಭ ಅಲ್ಲ. ಕಟರ್ ಒತ್ತಿದರೆ ಮೊದಲು ಬೀಜ ಟಪ್ ಅಂತ ಹಾರುತ್ತದೆ. ಒಂದು ಯಜಮಾನರ ಕನ್ನಡಕಕ್ಕೆ ಬಡಿಯಿತು. ಒಂದು ದೇವರ ಮನೆಗೆ ಹೋಗಿ ಚಾಮುಂಡಿ ಪಟದ ಹಿಂದೆ ಸೇರಿಕೊಂಡಿತು, ನವರಾತ್ರಿಗೆ ಪಟ ಒರೆಸುವವರೆಗೂ ಸಿಗಲಿಲ್ಲ. ಒಂದು ಬಿಸಿಬೇಳೆ ಬಾತಿನ ಪಾತ್ರೆಗೆ ಬಿದ್ದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಮಗನ ತಟ್ಟೆಯಲ್ಲಿ ಬಂತು. ಲವಂಗ ಅಂತ ಪಕ್ಕಕ್ಕಿಟ್ಟ.

ಚಿವುಟಿದ ಬೀಜಗಳನ್ನು ರಾತ್ರಿ ತಣ್ಣೀರಿಗೆ ಹಾಕಿದೆ. ಬೆಳಿಗ್ಗೆ ನೋಡಿದರೆ, ಐದು ವಾರ ಜಗ್ಗದ ಬೀಜಗಳು ಎರಡರಷ್ಟು ಉಬ್ಬಿ, ಕಾಮಕಸ್ತೂರಿ ಬೀಜದ ಹಾಗೆ ಲೋಳೆ ಲೋಳೆಯಾಗಿ ಕೂತಿವೆ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಚಪ್ಪಾಳೆ ಹೊಡೆದೆ. ಆ ಖುಷಿಯಲ್ಲಿ ಇನ್ನೊಂದು ಕಾಯಿ ತಂದೆ. ಅದನ್ನೂ ಚಿವುಟಿದೆ. ಅಷ್ಟರಲ್ಲಿ ಮೂರನೇ ನೇಲ್ ಕಟರೂ ಬಾಯಿ ಮುಚ್ಚುವುದನ್ನು ನಿಲ್ಲಿಸಿತು.

ಖಾಲಿ ಹಾಲಿನ ಕವರಿಗೆ ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿ ಬಿತ್ತಿದೆ. ಒಂದೊಂದಕ್ಕೂ ಮಾರ್ಕರಿನಲ್ಲಿ ನಂಬರ್ ಬರೆದೆ, ನೋಟ್‌ಬುಕ್ಕಿನಲ್ಲಿ ಲೆಕ್ಕ ಇಟ್ಟೆ. ವಾರ ಕಳೆಯುವಷ್ಟರಲ್ಲಿ ಬೆನ್ನು ಬಗ್ಗಿಸಿಕೊಂಡು ಮೇಲೆದ್ದವು. ಮೊದಲು ದಪ್ಪ ದಪ್ಪ ಎರಡು ದಳ, ಆಮೇಲೆ ನವಿಲುಗರಿಯ ಹಾಗೆ ಎಲೆ. ಸಂಜೆಯಾದರೆ ಎಲೆ ಮಡಚಿ ಮಲಗುತ್ತವೆ. ಮೊದಲ ಸಲ ನೋಡಿ ಸತ್ತವು ಅಂತ ಗಾಬರಿಯಾಗಿ ರಾತ್ರಿ ಎಂಟಕ್ಕೆ ನೀರು ಹಾಕಿದೆ. ಹಾಗೆ ಅತಿ ಪ್ರೀತಿಯಿಂದ ನೀರು ಕುಡಿಸಿ ನಾಲ್ಕು ಸಸಿಯ ಬುಡ ಕೊಳೆಸಿದೆ. ಉಳಿದದ್ದು 41.

ನಲವತ್ತೊಂದು ಗುಲ್‌ಮೊಹರ್. ತುಳಸಿ ಕಟ್ಟೆಯೊಂದೇ ಮಣ್ಣಿರುವ ಮನೆಯಲ್ಲಿ.

ಇದು ಮಡಗಾಸ್ಕರ್ ದ್ವೀಪದ ಮರ. ಅಲ್ಲಿ ಜಾಗ ಇರಬೇಕು. ಬೆಳೆದರೆ ಎತ್ತರಕ್ಕಿಂತ ಅಗಲ ಜಾಸ್ತಿ, ಕೊಡೆ ಬಿಚ್ಚಿದ ಹಾಗೆ. ಬೇರು ಆಳಕ್ಕೆ ಹೋಗದೆ ಮೇಲೆ ಮೇಲೆ ಹರಡಿ ಕಾಂಪೌಂಡ್ ಎತ್ತುತ್ತದೆ. ಕೊಂಬೆ ಪೆಡಸು, ಮೇ ತಿಂಗಳ ಗಾಳಿಮಳೆಗೆ ಮುರಿದು ಬೀಳುತ್ತದೆ. ಇದೆಲ್ಲ ಬಿತ್ತುವ ಮುಂಚೆ ಓದಬೇಕಿತ್ತು. ಇರಲಿ, ಹಂಚೋಣ ಅಂತ ಹೊರಟೆ.

ಎದುರು ಮನೆಯವರು ಬಾಗಿಲಲ್ಲೇ ನಿಲ್ಲಿಸಿ ವಿಚಾರಣೆ ಮಾಡಿದರು.

"ಹಣ್ಣು ಬಿಡುತ್ತಾ?"

"ಇಲ್ಲ ಆಂಟಿ."

"ಪೂಜೆಗೆ ಆಗುತ್ತಾ?"

"ನಮ್ಮ ಕಡೆ ಯಾರೂ ಇಡಲ್ಲ."

"ಮತ್ತೆ ಏನಕ್ಕೆ?"

"ನೋಡೋಕೆ. ಮರ ತುಂಬಾ ಕೆಂಪು ಹೂ ಬಿಡುತ್ತೆ."

"ಯಾವಾಗ?"

"ಐದು ವರ್ಷ... ಹತ್ತೂ ಆಗಬಹುದು."

ಆಂಟಿಗೆ ಎಪ್ಪತ್ತಾರು. ನನ್ನನ್ನೇ ಎರಡು ನಿಮಿಷ ನೋಡಿ, "ಒಳಗೆ ಬಾ, ಕಾಫಿ ಕುಡಿ" ಅಂದರು. ಸಸಿಯನ್ನು ಒಳಗೆ ಕರೆಯಲಿಲ್ಲ.

ಪಕ್ಕದವರಿಗೆ ಸಂಪಿನ ಚಿಂತೆ, ಮೂಲೆ ಮನೆಯವರಿಗೆ ಕಾರಿನ ಚಿಂತೆ. ಆಮೇಲೆ ನಾನು ಉಪಾಯ ಬದಲಿಸಿದೆ. ಕೇಳುವುದು ಬಿಟ್ಟೆ, ಕೊಡುವುದು ಶುರು ಮಾಡಿದೆ. ಅರಿಶಿನ ಕುಂಕುಮಕ್ಕೆ ಬಂದವರಿಗೆ ತಾಂಬೂಲದ ಜೊತೆ ಒಂದು ಸಸಿ. ತಾಂಬೂಲವನ್ನು ಬೇಡ ಅನ್ನುವ ಹಾಗಿಲ್ಲವಲ್ಲ! ಗೃಹಪ್ರವೇಶ, ನಾಮಕರಣ, ಆಫೀಸಿನಲ್ಲಿ ನಿವೃತ್ತಿಯ ಬೀಳ್ಕೊಡುಗೆ, ಎಲ್ಲ ಕಡೆಗೂ ಒಂದು ಹಾಲಿನ ಕವರು. ಕೆಲವು ದಿನದಲ್ಲಿ ಆಫೀಸಿನವರು ನನ್ನ ಕೈಚೀಲ ಉಬ್ಬಿದ್ದು ಕಂಡರೆ ಕ್ಯಾಂಟೀನಿನ ಹಿಂದಿನ ಬಾಗಿಲಿಂದ ಹೋಗಲು ಶುರು ಮಾಡಿದರು.

ಮಾವ ಊರಿಗೆ ಹೋಗುವಾಗ ಹತ್ತು ಒಯ್ದರು. ಬಸ್ಸಿನಲ್ಲಿ ಕಂಡಕ್ಟರು ಲಗೇಜ್ ಟಿಕೆಟ್ ಕೇಳಿದರಂತೆ, ಒಂದು ಸಸಿ ಕೊಟ್ಟು ಸುಮ್ಮನಾಗಿಸಿದರಂತೆ. ಒಂಬತ್ತನ್ನು ತೋಟದ ಬದುವಿಗೆ ನೆಟ್ಟರು. ಮೂರನೇ ದಿನ ಫೋನು.

"ಅವ್ವಾ, ಏಳನ್ನ ಮೇಕೆ ತಿಂದ್ವು."

"ಅಯ್ಯೋ ಮಾವ!"

"ನಾನು ಮೊದ್ಲೇ ಏಳ್ನಿಲ್ವಾ, ಬೀಜನೇ ಮೇಕೆಗೆ ಕೊಡು ಅಂತ. ನೀನು ಗಿಡ ಮಾಡಿ ಕೊಟ್ಟೆ. ಅವುಕ್ಕೆ ಇನ್ನೂ ಸಲೀಸಾತು." ಉಳಿದ ಎರಡಕ್ಕೆ ಮುಳ್ಳು ಕಟ್ಟಿದ್ದಾರೆ. ಅದು ಜಾಲಿ ಮುಳ್ಳು.

ದಸರಾ ಬರುವಷ್ಟರಲ್ಲಿ ಮನೆಯಲ್ಲಿ ಒಂದೂ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಎಲ್ಲ ನಂಬರಿನ ಮುಂದೆಯೂ ಹೆಸರು. ಹೊಸ ನೇಲ್ ಕಟರ್ ತಂದುಕೊಡುತ್ತೇನೆ ಅಂತ ಯಜಮಾನರಿಗೆ ಮಾತು ಕೊಟ್ಟಿದ್ದೆ. ಇನ್ನೂ ತಂದಿಲ್ಲ, ಅದು ನಿಜ.

ನವರಾತ್ರಿಯ ಒಂದು ಸಂಜೆ ಎರಡು ರಸ್ತೆ ಆಚೆಯ ಮನೆಗೆ ಗೊಂಬೆ ನೋಡಲು ಹೋಗಿದ್ದೆ. ಅವರ ಪರಿಚಯ ಅಷ್ಟಕ್ಕಷ್ಟೆ. ಪಟ್ಟದ ಗೊಂಬೆ, ಜಂಬೂಸವಾರಿ, ಪಾರ್ಕು, ಪಾರ್ಕಿನಲ್ಲಿ ರಾಗಿ ಪೈರು ಎಲ್ಲ ಚೆನ್ನಾಗಿ ಮಾಡಿದ್ದರು. ಹಾಡು ಹೇಳಿ ಅಂದರು, ಹೇಳಿದೆ. ಹೊರಡುವಾಗ ಕುಂಕುಮ ಕೊಟ್ಟು ಒಂದು ಚೀಲ ಕೈಗಿಟ್ಟರು. ತೂಕವಾಗಿತ್ತು. ತೆಂಗಿನಕಾಯಿ ಇರಬೇಕು ಅಂದುಕೊಂಡೆ. ರವಿಕೆ ಕಣ ಹೇಗೂ ಇರುತ್ತದೆ. ಮೈಸೂರಿನಲ್ಲಿ ರವಿಕೆ ಕಣವನ್ನು ಯಾರೂ ಹೊಲಿಸುವುದಿಲ್ಲ, ಮನೆಯಿಂದ ಮನೆಗೆ ದಾಟಿಸುತ್ತಾರೆ ಅಷ್ಟೇ. ನಾನು ಕೊಟ್ಟ ಒಂದು ಹಸಿರು ಕಣ ನಾಲ್ಕು ವರ್ಷಕ್ಕೆ ನನಗೇ ಸಿಕ್ಕಿದ್ದುಂಟು.

ರಸ್ತೆ ದೀಪದ ಕೆಳಗೆ ಚೀಲ ಬಿಡಿಸಿ ನೋಡಿದೆ. ಕಾಯಿ ಇತ್ತು, ಎಲೆ ಅಡಿಕೆ ಇತ್ತು, ಕಣ ಇತ್ತು. ಪಕ್ಕದಲ್ಲಿ ಹಾಲಿನ ಕವರಿನೊಳಗೆ ಎಲೆ ಮಡಚಿಕೊಂಡು ಮಲಗಿದ್ದ ಒಂದು ಗಿಡ. ಕವರಿನ ಮೇಲೆ ನನ್ನದೇ ಕೈಬರಹ, 17.

ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಹದಿನೇಳು ಹೋದದ್ದು ವಿಜಯನಗರದ ಒಂದು ನಾಮಕರಣಕ್ಕೆ. ಅಲ್ಲಿಂದ ಇಲ್ಲಿಗೆ ಬರುವ ದಾರಿಯಲ್ಲಿ ಎಷ್ಟು ಮನೆಯ ತಾಂಬೂಲದಲ್ಲಿ ಸುತ್ತಿದೆಯೋ. ಆದರೆ ಗೇಣಿದ್ದದ್ದು ಮೊಣಕಾಲೆತ್ತರ ಆಗಿತ್ತು. ಯಾರೋ ಗೊಬ್ಬರ ಹಾಕಿದ್ದರು. ಇನ್ಯಾರೋ ಕಡ್ಡಿ ನೆಟ್ಟು ಜರಿ ದಾರದಲ್ಲಿ ಕಟ್ಟಿದ್ದರು.

ಈಗ ಅದು ತುಳಸಿ ಕಟ್ಟೆಯ ಪಕ್ಕ ಕೂತಿದೆ. ಮುಂದಿನ ಭಾನುವಾರ ಬೋಗಾದಿಯಲ್ಲಿ ಒಂದು ಗೃಹಪ್ರವೇಶ ಇದೆ. ನಂಬರ್ ಅಳಿಸಿ ಕೊಡುವುದೋ, ಹಾಗೇ ಕೊಡುವುದೋ ಅಂತ ಯೋಚನೆ ಮಾಡುತ್ತಿದ್ದೇನೆ.